ಪ್ಯಾಟಗೋನಿಯಾದಲ್ಲಿ ಲಂಗರು ಹಾಕುವ ಮುಂಚೆ ದಡದ ಮರ ನೋಡಿ

ಚಿಲಿ ದೇಶದ ದಕ್ಷಿಣ ತುದಿಯ ಸಮುದ್ರ ಕಾಲುವೆಗಳಲ್ಲಿ ಹಾಯಿದೋಣಿ ನಡೆಸುವ ಆಸೆ ಇದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಕ್ಷೆಯಲ್ಲಿ ಚೆಂದ ಕಾಣುವ ಅಗಲವಾದ ಕೊಲ್ಲಿಗಳನ್ನು ಬಿಟ್ಟುಬಿಡಿ. ನಿಮಗೆ ಬೇಕಿರುವುದು ದಡದೊಳಕ್ಕೆ ಹೊಕ್ಕ ಪುಟ್ಟ ಸಂದು.

ಎತ್ತರದ ಬೆಟ್ಟದ ಮರೆಗೆ ಹೋದರೆ ಗಾಳಿ ತಪ್ಪುತ್ತದೆ ಅನ್ನಿಸುತ್ತದೆ ಅಲ್ವಾ? ಅಲ್ಲಿ ಉಲ್ಟಾ. ಆಚೆ ಬದಿಯಿಂದ ನೆತ್ತಿ ದಾಟಿ ಬಂದ ಗಾಳಿ ಕಡಿದಾದ ಇಳಿಜಾರಿನಲ್ಲಿ ಧಡ್ ಅಂತ ಕೆಳಗೆ ಬಿದ್ದು, ನೀರನ್ನು ಹೊಗೆಯ ಹಾಗೆ ಎಬ್ಬಿಸಿಕೊಂಡು ದೋಣಿಗೆ ಒಮ್ಮೆ ಎಡದಿಂದ, ಮರುಕ್ಷಣ ಬಲದಿಂದ ಬಡಿಯುತ್ತದೆ. ಇಂಥ ಗಾಳಿಗೆ ವಿಲಿವಾ ಅಂತ ಹೆಸರು. ಹಾಗಾಗಿ ತಗ್ಗಾದ ನೆಲ, ಅದರ ಮೇಲೆ ದಟ್ಟ ಕಾಡು ಇರುವ ದಡ ಹುಡುಕಿ.

ಆ ಕಾಡನ್ನು ದುರ್ಬೀನಿನಲ್ಲಿ ಸಾವಕಾಶವಾಗಿ ನೋಡಿ. ಮರಗಳು ಕುಳ್ಳಾಗಿ ಪೂರ್ವಕ್ಕೆ ಬಾಗಿದ್ದರೆ ಅಲ್ಲಿ ಪಡುಗಾಳಿ ವರ್ಷಾನುಗಟ್ಟಲೆ ಹೊಡೆದಿದೆ ಅಂತಲೇ ಅರ್ಥ, ಮುಂದೆ ಹೋಗಿ. ನೀರಿನ ಅಂಚಿನವರೆಗೂ ಮರಗಳು ನೆಟ್ಟಗೆ, ಎತ್ತರಕ್ಕೆ ಬೆಳೆದಿದ್ದರೆ ಜಾಗ ಒಳ್ಳೆಯದು. ಬೀಗಲ್ ಕಾಲುವೆಯ ಕಲೆಟಾ ಓಯಾ ಎಂಬ ಸಂದು ಇಂಥದ್ದು. ಪಶ್ಚಿಮಕ್ಕೆ ತಗ್ಗಾದ ನೆಲ, ಅದರ ತುಂಬ ಮರ.

ಒಂದೇ ದಿಕ್ಕಿನ ಮರೆ ಸಾಲದು. ಬ್ಯಾರೋಮೀಟರ್‌ನಲ್ಲಿ ಗಾಳಿಯ ಒತ್ತಡ ಇಳಿಯುವಾಗ ವಾಯವ್ಯದಿಂದ ಬೀಸುವ ಗಾಳಿ, ಒತ್ತಡ ಏರತೊಡಗಿದ ಕೂಡಲೇ ದಿಕ್ಕು ಬದಲಿಸಿ ನೈಋತ್ಯದಿಂದ ಇನ್ನೂ ಜೋರಾಗಿ ಬೀಸಬಹುದು.

ಒಳಗೆ ನಿಧಾನವಾಗಿ ಹೋಗಿ. ಕೆಲ್ಪ್ ಎಂಬ ದೊಡ್ಡ ಕಡಲ ಪಾಚಿ ತೇಲುತ್ತಿದ್ದರೆ ಸಾಮಾನ್ಯವಾಗಿ ಕೆಳಗೆ ಬಂಡೆ ಇರುತ್ತದೆ. ಪಾಚಿ ಮೇಲೆ ಬಿದ್ದ ಲಂಗರು ನೆಲ ಕಚ್ಚುವುದಿಲ್ಲ. ಕೆಸರು ಸಿಕ್ಕರೆ ಅದೃಷ್ಟ. ಕೆಲವು ಕಡೆ ನಕ್ಷೆಗೂ ಜಿಪಿಎಸ್‌ಗೂ ತಾಳೆಯಾಗುವುದಿಲ್ಲ, ಆದ್ದರಿಂದ ಕಣ್ಣನ್ನೂ ಆಳ ಅಳೆಯುವ ಡೆಪ್ತ್ ಸೌಂಡರನ್ನೂ ಜಾಸ್ತಿ ನಂಬಿ.

ಇನ್ನು ಹಗ್ಗದ ಕೆಲಸ, ಮುಖ್ಯವಾದದ್ದು ಇದೇ. 10 ಮೀಟರ್ ಆಳಕ್ಕೆ ಐದು ಪಟ್ಟು ಅಂದರೆ 50 ಮೀಟರ್ ಸರಪಳಿ ಬಿಟ್ಟರೆ ದೋಣಿ ಅಷ್ಟು ದೂರ ಸುತ್ತಾಡುತ್ತದೆ, ಸಂದಿನಲ್ಲಿ ಅಷ್ಟು ಜಾಗ ಎಲ್ಲಿದೆ? ಅದಕ್ಕೇ ಲಂಗರನ್ನು ಮುಂದೆ ಇಳಿಸಿ, ಹಿಮ್ಮುಖವಾಗಿ ಗಾಳಿ ಬರುವ ಕಡೆಯ ದಡದತ್ತ ಸರಿದು, ಎಂಜಿನ್ ರಿವರ್ಸ್‌ನಲ್ಲೇ ಸ್ವಲ್ಪ ಹೊತ್ತು ಎಳೆದು ನೋಡಿ. ದಡದಲ್ಲಿ ಹಿಂದೆಮುಂದೆ ನಿಂತ ಎರಡು ಗುರುತು ಒಂದೇ ಗೆರೆಯಲ್ಲಿ ಉಳಿದರೆ ಲಂಗರು ಕಚ್ಚಿದೆ. ಆಗ ಒಬ್ಬರು ಡಿಂಗಿಯಲ್ಲಿ, ಅಂದರೆ ಜೊತೆಗಿರುವ ಪುಟ್ಟ ದೋಣಿಯಲ್ಲಿ, ಹಗ್ಗದ ತುದಿ ಒಯ್ದು ದಡದ ಮರದ ಗಟ್ಟಿ ಬುಡಕ್ಕೆ ಕಟ್ಟಲಿ. ಮೊದಲು ಗಾಳಿ ಬರುವ ಕಡೆಯ ಹಗ್ಗ, ಉಳಿದವು ಆಮೇಲೆ. ಸುಮಾರು 100 ಮೀಟರ್ ಉದ್ದದ ನಾಲ್ಕು ಹಗ್ಗ ಇಟ್ಟುಕೊಳ್ಳಿ, ನೀರಲ್ಲಿ ತೇಲುವ ಪಾಲಿಪ್ರೊಪಿಲೀನ್‌ದೇ ಆಗಲಿ, ಮುಳುಗುವ ಹಗ್ಗ ಪಾಚಿಗೋ ಪ್ರೊಪೆಲರ್‌ಗೋ ಸಿಕ್ಕಿಕೊಳ್ಳುತ್ತದೆ. ಬಂಡೆಗೆ ಕಟ್ಟುವುದಾದರೆ ತುಂಡು ಸರಪಳಿ ಹಾಕಿ, ಸುಮ್ನೆ ಹಗ್ಗ ಸುತ್ತಿದರೆ ಬೆಳಗಾಗುವಷ್ಟರಲ್ಲಿ ಸವೆದಿರುತ್ತದೆ.

ಇಷ್ಟೆಲ್ಲ ಮಾಡಲು ಹೊತ್ತು ಬೇಕು. ಜೂನ್‌ನಲ್ಲಿ ಅಲ್ಲಿ ಹಗಲು ಸುಮಾರು 7 ಗಂಟೆ ಮಾತ್ರ. ಹೊರಡುವಾಗಲೇ ದಾರಿಯಲ್ಲಿ ಇನ್ನೂ ಒಂದೆರಡು ಸಂದುಗಳನ್ನು ಗುರುತು ಹಾಕಿಕೊಳ್ಳಿ, ಮೊದಲನೆಯದು ಹಿಡಿಸದಿದ್ದರೆ ಬೆಳಕಿರುವಾಗಲೇ ಮುಂದಿನದಕ್ಕೆ ಹೋಗಬಹುದು.