ಇಂಗ್ಲಿಷ್ ಭಾಷಣವನ್ನು ಬಾಯಿಪಾಠದಿಂದ ಬಿಡಿಸುವ ಬಗೆ

ಕೊಡಗಿನ ಪದವಿ ತರಗತಿಗಳಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಅಥವಾ ಮಲಯಾಳಂ, ಪೇಟೆಯಲ್ಲಿ ಕನ್ನಡ ಎಂದು ಎರಡು ಮೂರು ಭಾಷೆಗಳನ್ನು ಸಲೀಸಾಗಿ ಆಡುವ ವಿದ್ಯಾರ್ಥಿಗಳೇ, ಇಂಗ್ಲಿಷಿನಲ್ಲಿ 3 ನಿಮಿಷ ಮಾತನಾಡಬೇಕೆಂದರೆ ಎಲ್ಲವನ್ನೂ ಬರೆದು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಡುವೆ ಒಂದು ಪದ ಮರೆತರೆ ಉಳಿದುದೆಲ್ಲ ಮರೆಯುತ್ತದೆ. ನಾವು ಸಭಾಕಂಪ ಎನ್ನುವುದರಲ್ಲಿ ಬಹುಪಾಲು ಈ ಮರೆವಿನ ಭಯವೇ ಎಂಬುದು ನನ್ನ ಅನುಭವ. ಆದ್ದರಿಂದ ಬರೆದ ಹಾಳೆಯನ್ನು ಮೊದಲ ದಿನವೇ ಬಿಡಿಸಬೇಕು.

ವಿಷಯವನ್ನು ಅವರ ಕೈಗೆ ಗೊತ್ತಿರುವ ಕೆಲಸದಿಂದಲೇ ಆರಿಸಿ. ಗೋಣಿಕೊಪ್ಪಲು ಕಡೆಯ ವಿದ್ಯಾರ್ಥಿನಿಯೊಬ್ಬಳು ಪರಿಸರ ಮಾಲಿನ್ಯದ ಭಾಷಣದ ಎರಡನೆಯ ಸಾಲಿನಲ್ಲೇ ನಿಂತುಬಿಟ್ಟಳು. ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗಿತೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. ಮುಷ್ಟಿಯನ್ನು ಕಿವಿಯ ಬಳಿ ಅಲುಗಿಸುತ್ತ, 'ಶೇಕ್ ಮಾಡಿ... ಸೌಂಡ್ ಕಮ್ಸ್, ದೆನ್ ಡ್ರೈ' ಎಂದಳು. ವ್ಯಾಕರಣ ಕುಂಟಿದರೂ ಅದು ಅವಳದೇ ಮಾತು. ಪಾಠ ಅಲ್ಲಿಂದ ಆರಂಭವಾಗಬೇಕು. ಕೊಯ್ಲು, ಕಣ, ಮಗುಚುವುದು, ಟಾರ್ಪಾಲು, ಸದ್ದು: ಇಂಥ ಐದಾರು ಪದಗಳನ್ನಷ್ಟೇ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆಯಲಿ.

ಬಳಿಕ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಅದೇ ವಿಷಯವನ್ನು 4 ನಿಮಿಷ, ಕೇಳುಗರನ್ನು ಬದಲಿಸಿ 3 ನಿಮಿಷ, ಮತ್ತೆ ಬದಲಿಸಿ 2 ನಿಮಿಷ ಹೇಳುವಂತೆ ಮಾಡಿ. ಪ್ರತಿ ಸಲವೂ ಹೊಸ ಕಿವಿ ಇರುವುದರಿಂದ ಪುನರಾವರ್ತನೆ ಬೇಸರ ತರಿಸದು. ಹೇಳಬೇಕಾದುದು ಮೊದಲೇ ಕೂಡಿಬಂದಿರುವುದರಿಂದ ಮೂರನೆಯ ಸುತ್ತಿನಲ್ಲಿ ಪದಗಳು ತಡವರಿಸದೆ ಬರುತ್ತವೆ. ಎಲ್ಲ ಜೋಡಿಗಳೂ ಏಕಕಾಲದಲ್ಲಿ ಮಾತನಾಡುವುದರಿಂದ, ಇಬ್ಬರ ಸರದಿಯೂ ಸೇರಿ 18 ನಿಮಿಷಗಳಲ್ಲಿ ಇಡೀ ತರಗತಿಯ ಅಭ್ಯಾಸ ಮುಗಿಯುತ್ತದೆ. ವೇದಿಕೆ ಇದರ ನಂತರ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಹೀಗಾಗಿ 'ಯಾರು, ಏನು ಮಾಡಿದರು' ಎಂಬಷ್ಟನ್ನು ಮೊದಲು ಹೇಳಿ ಉಳಿದುದನ್ನು ಆಮೇಲೆ ಸೇರಿಸುವ ಅಭ್ಯಾಸ ಬೇಕು. ಉಚ್ಚಾರದಲ್ಲಿ 'ಬಸ್' 'ಬಸ್ಸು' ಆಗುವುದನ್ನೂ, 'ಎಜುಕೇಷನ್' 'ಯೆಜುಕೇಷನ್' ಆಗುವುದನ್ನೂ ತಿದ್ದಬಹುದು. ಆದರೆ ಹೆಚ್ಚು ಗಮನ ಒತ್ತಿಗೆ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಎಂಬುದಕ್ಕೆ, ಸಲ್ಲಬೇಕು. 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲ ಭಾಗಕ್ಕೆ, 'ಫೊಟಾಗ್ರಫರ್' ಪದದಲ್ಲಿ ಎರಡನೆಯದಕ್ಕೆ. ಒತ್ತು ತಪ್ಪಿದರೆ ಕೇಳುಗರಿಗೆ ಪದವೇ ಗುರುತು ಸಿಗದಿರಬಹುದು.

ಮಾತಿನ ನಡುವೆ ತಿದ್ದಲೇಬೇಡಿ. ಮುಗಿದ ಮೇಲೆಯೂ ಒಂದೇ ತಪ್ಪನ್ನು ಹೇಳಿ, ಆ ವಾಕ್ಯವನ್ನು ಸರಿಪಡಿಸಿ ಮತ್ತೆ ಹೇಳಿಸಿ.

ಧ್ವನಿಯ ಅಭ್ಯಾಸಕ್ಕೆ ನಮ್ಮ ಜುಲೈ ತಿಂಗಳೇ ಒದಗಿಬರುತ್ತದೆ. ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಕೊನೆಯ ಬೆಂಚಿನವರು ಮಾತು ಕೇಳಿಸುವಷ್ಟು ಹೊತ್ತು ಕೈ ಎತ್ತಿರಲಿ. ಮಾತನಾಡುವವರು ಕಿರುಚುವುದು ಬೇಡ; ಕೈ ಇಳಿದ ಕೂಡಲೇ ನಿಂತು, ಉಸಿರೆಳೆದುಕೊಂಡು, ಅದೇ ವಾಕ್ಯವನ್ನು ಚಿಕ್ಕದಾಗಿ ಒಡೆದು ನಿಧಾನವಾಗಿ ಹೇಳಲಿ.