ರಾತ್ರಿ ಎಂಟಕ್ಕೆ ಬಂಗಡೆ: ಫ್ರೀಜರ್ ಜತೆ ನನ್ನ ಎರಡು ವರ್ಷ

ಹೋದ ವಾರ ನಮ್ಮತ್ತೆ ಕೇಳಿ ಎರಡನೇ ಸಲ ಬಂಗಡೆ ಹಾಕಿಸಿಕೊಂಡರು. ಎರಡು ವರ್ಷದ ಹಿಂದೆ ಇವರೇ, "ಐಸಿನಾಗಿನ ಮೀನಾ? ನಾ ಮುಟ್ಟಂಗಿಲ್ಲ ನೋಡವಾ" ಎಂದು ತಟ್ಟೆ ಸರಿಸಿದ್ದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಅಂಕೋಲಾದವಳು, ಕೊಟ್ಟಿದ್ದು ಹುಬ್ಬಳ್ಳಿಗೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆ ಮುಟ್ಟುವಾಗ ಏಳೂಕಾಲು. ವಾರಕ್ಕೆ ಮೂರು ರಾತ್ರಿಯಾದರೂ ಹೊರಗಿನ ಊಟ ಬರುತ್ತಿತ್ತು. ಐದು ಜನಕ್ಕೆ ಒಂದು ಸಲಕ್ಕೆ ಏಳುನೂರು. ತಿಂಗಳಿಗೆ ಎಂಟು-ಒಂಬತ್ತು ಸಾವಿರ ಸುಮ್ನೆ ಹೋಗುತ್ತಿತ್ತು. ಮಕ್ಕಳಿಗೆ ತರಕಾರಿ ಅಂದರೆ ಆ ಡಬ್ಬಿಯಲ್ಲಿ ಬರುವ ಉಳ್ಳಾಗಡ್ಡಿ ಅಷ್ಟೇ.

ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ತಂದೆ. ನೂರು ಲೀಟರಿನದು, ಎಂಟೂವರೆ ಸಾವಿರ ಕೊಟ್ಟ ನೆನಪು. ಕರೆಂಟ್ ಬಿಲ್ ಇನ್ನೂರೈವತ್ತರಷ್ಟು ಏರಿತು. "ತಾಜಾ ಮೀನು ಬಿಟ್ಟು ಇದ್ಯಾಕೆ?" ಎಂದು ಎಲ್ಲರೂ ಕೇಳಿದರು. ಇಲ್ಲಿಯ ಗಣೇಶಪೇಟೆ ಮಾರ್ಕೆಟ್ಟಿನ ತಾಜಾ ಮೀನಾದರೂ ಕಡಲ ಕಡೆಯಿಂದ ಅರಬೈಲ್ ಘಾಟ್ ಹತ್ತಿ, 130 ಕಿಲೋಮೀಟರ್ ಐಸಿನಲ್ಲೇ ಕುಳಿತು ಬರುತ್ತದೆ ಅಲ್ವಾ?

ಮೊದಲ ನಾಲ್ಕು ತಿಂಗಳು ನಷ್ಟವೇ. ನಾಲ್ಕು ಕೆ.ಜಿ. ಬಂಗಡೆಗೆ ಉಪ್ಪು, ಅರಿಶಿನ ಸವರಿ ಇಟ್ಟೆ. ತವರಲ್ಲಿ ಹುರಿಯುವ ಮೊದಲು ಹಾಗೇ ಮಾಡುತ್ತಿದ್ದೆವು. ತಿಂಗಳಾಗುವಷ್ಟರಲ್ಲಿ ಕಮಟು ವಾಸನೆ. ಬಂಗಡೆಯಲ್ಲಿ ಎಣ್ಣೆ ಜಾಸ್ತಿ. ಉಪ್ಪು ತಾಗಿದರೆ ಅದು ಫ್ರೀಜರಿನೊಳಗೂ ಬೇಗ ಕೆಡುತ್ತದೆ. ಸಾವಿರ ರೂಪಾಯಿಯ ಮೀನು ಹೋಯಿತು. ಇನ್ನೊಂದು ಸಲ ಎರಡು ಕೆ.ಜಿ. ಒಂದೇ ಚೀಲಕ್ಕೆ ತುಂಬಿದೆ, ಕಲ್ಲಿನಂತೆ ಗಟ್ಟಿಯಾಯಿತು. ಬಿಡಿಸಲು ಹೋಗಿ ಅರ್ಧ ಪುಡಿಯಾಯಿತು.

ದೊಡ್ಡ ತಪ್ಪು ಏಪ್ರಿಲ್‌ನಲ್ಲಿ ಆಯಿತು. ಬೆಳಗ್ಗೆ ಎಂಟಕ್ಕೆ ಮೀನು ತೆಗೆದು ಅಡುಗೆಕಟ್ಟೆ ಮೇಲಿಟ್ಟು ಹೋದೆ. ಸಂಜೆ ಸಾರು ಮಾಡಿದೆ. ಉಂಡ ಅರ್ಧ ಗಂಟೆಯಲ್ಲಿ ಮಗನ ಮುಖ ಕೆಂಪಾಯಿತು, ಮೈಯೆಲ್ಲಾ ತುರಿಕೆ. ಅತ್ತೆ ಐಸನ್ನೇ ಬೈದರು. ಆದರೆ ಡಾಕ್ಟರು ಹೇಳಿದ್ದು ಬೇರೆ: ಬಂಗಡೆಯಂಥ ಮೀನು ಬೆಚ್ಚಗೆ ಬಹಳ ಹೊತ್ತು ಉಳಿದರೆ ಹಿಸ್ಟಮಿನ್ ಎಂಬ, ಅಲರ್ಜಿಯ ಹಾಗೆ ತುರಿಕೆ ತರುವ ವಸ್ತು ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅಂದರೆ ತಪ್ಪು ಐಸಿನದಲ್ಲ, ಐಸು ಬಿಡಿಸಿದ ರೀತಿಯದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಮೀನು ಕಟ್ಟೆ ಮೇಲೆ ಕಾಯುವುದೇ ಇಲ್ಲ.

ಈಗ ಮಾಡುವುದು ಹೀಗೆ. ಇಪ್ಪತ್ತು ದಿನಕ್ಕೊಮ್ಮೆ ಮೀನು ತಂದು, ಶುಚಿ ಮಾಡಿ, ನೀರು ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡುತ್ತೇನೆ. ಆಮೇಲೆ ಐಸ್ ನೀರಲ್ಲಿ ಒಮ್ಮೆ ಅದ್ದಿ ಮತ್ತೆ ಒಳಗೆ. ಮೇಲೆ ತೆಳು ಐಸಿನ ಪದರ ಕೂರುತ್ತದೆ, ಮೀನು ಒಣಗುವುದಿಲ್ಲ. ಒಂದು ಊಟಕ್ಕೆ ಒಂದು ಚೀಲ, ರೊಟ್ಟಿಯ ಹಾಗೆ ಚಪ್ಪಟೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಿದರೆ ಮರುದಿನ ಸಂಜೆಗೆ ಸಿದ್ಧ. ಬಂಗಡೆ ಎರಡು ತಿಂಗಳ ಮೇಲೆ ಇಡಬೇಡಿ. ಇಸೋಣ (ಸುರಮಯಿ ಮೀನು) ಇನ್ನೂ ಸ್ವಲ್ಪ ತಡೆಯುತ್ತದೆ. ಅಂಗಡಿಯ ಪ್ಯಾಕೆಟ್ ಮೀನೂ ತಂದೆ, ಐಸು ಕರಗಿದ ಮೇಲೆ ತೂಗಿದರೆ ಕೆ.ಜಿ.ಗೆ ನೂರೈವತ್ತು ಗ್ರಾಂ ಕಡಿಮೆ. ಅದು ಬೇಡವೆಂದು ಬಿಟ್ಟೆ.

ತರಕಾರಿಗೆ ಪೂರಾ ಉಲ್ಟಾ ಲೆಕ್ಕ. ಅದರ ಐಸು ಬಿಡಿಸಲೇಬಾರದು. ಮೊದಮೊದಲು ಬಿಡಿಸಿ ಹಾಕಿ ಮೆತ್ತಗೆ ಪಾಯಸದಂತೆ ಮಾಡಿಟ್ಟಿದ್ದೆ. ಈಗ ಕಬ್ಬಿಣದ ಕಡಾಯಿ ಹೊಗೆಯಾಡುವಷ್ಟು ಕಾದ ಮೇಲೆ ವಟಾಣಿ, ಗಜ್ಜರಿ, ಬೀನ್ಸ್ ನೇರ ಫ್ರೀಜರಿನಿಂದ ಬೀಳುತ್ತವೆ. ಎರಡು ಮುಷ್ಟಿಗಿಂತ ಹೆಚ್ಚು ಒಮ್ಮೆಗೇ ಹಾಕಬಾರದು, ಮುಚ್ಚಳ ಬೇಡ. ನೀರು ಆರಿದ ಮೇಲೆ ಮಸಾಲೆ: ಬ್ಯಾಡಗಿ ಮೆಣಸಿನಕಾಯಿ, ಬಳ್ಳೊಳ್ಳಿ, ಒಣಕೊಬ್ಬರಿ, ಹುಳಿಗೆ ಆಮಸೋಲ (ಒಣಗಿಸಿದ ಪುನರ್ಪುಳಿ ಸಿಪ್ಪೆ). ಇನ್ನೊಂದು ಸಾಮಾನು ಇದೆ, ಅದು ನಮ್ಮವ್ವನದು, ಇಲ್ಲಿ ಬರೆಯುವುದಿಲ್ಲ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ, ಮಕ್ಕಳಿಗೆ ಚಲೋ. ಮೇಲೆ ಮೀನು ಹಾಸಿ ಏಳೆಂಟು ನಿಮಿಷ. ಅಂಗಡಿಯ ಕಡಕ್ ರೊಟ್ಟಿ ಜತೆ ಎಂಟಕ್ಕೆ ಊಟ.

ಮೀನು ಹುರಿಯಲು ರವೆ ಬದಲು ಜೋಳದ ಹಿಟ್ಟು ಹಚ್ಚಿ ನೋಡಿದೆ. ಬರೀ ಜೋಳ ಉದುರಿತು. ಮೂರಕ್ಕೆ ಒಂದು ಪಾಲು ಅಕ್ಕಿ ಹಿಟ್ಟು ಸೇರಿಸಿದ ಮೇಲೆ ಗರಿಗರಿ ಬಂತು, ಎಣ್ಣೆಯೂ ಕಡಿಮೆ ಹಿಡಿಯಿತು. ಇದನ್ನು ಧಾರವಾಡದ ನಾದಿನಿ ಮನೆಯಲ್ಲೂ ಈಗ ಮಾಡುತ್ತಾರೆ. ಬದನೆಕಾಯಿ ಫ್ರೀಜ್ ಮಾಡಿದ್ದು ಸ್ಪಂಜಾಯಿತು. ನುಗ್ಗೆಕಾಯಿ ಮಾತ್ರ ಬಹಳ ಚಲೋ ಉಳಿಯಿತು.

ಜೂನ್‌ನ ಗಾಳಿಮಳೆಗೆ ಒಮ್ಮೆ ಹದಿನಾಲ್ಕು ತಾಸು ಕರೆಂಟ್ ಇರಲಿಲ್ಲ. ಫ್ರೀಜರ್ ತುಂಬಿತ್ತು, ಬಾಗಿಲು ಯಾರಿಗೂ ತೆರೆಯಗೊಡಲಿಲ್ಲ. ಏನೂ ಕರಗಲಿಲ್ಲ. ಅರ್ಧ ಖಾಲಿ ಇದ್ದರೆ ಇಷ್ಟು ನಿಶ್ಚಿಂತೆ ಇರುವುದಿಲ್ಲ, ಆಗ ನೀರಿನ ಬಾಟಲಿ ತುಂಬಿಸಿಡಿ. ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟು ಕಡಲಿಗಿಳಿಯುವುದಿಲ್ಲ, ಮೀನಿನ ರೇಟು ಏರುತ್ತದೆ. ಹಾಗಾಗಿ ಮೇ ಕೊನೆಗೇ ತುಂಬಿಸಿಕೊಳ್ಳುತ್ತೇನೆ.

ಈಗ ರಾತ್ರಿಯ ಮೀನು, ತರಕಾರಿ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಒಳಗೇ ಮುಗಿಯುತ್ತದೆ. ಫ್ರೀಜರಿನ ದುಡ್ಡು ಎಂದೋ ಬಂತು. ಈ ಜನವರಿಗೆ ವಟಾಣಿ ಅಗ್ಗವಾದಾಗ ಹತ್ತು ಕೆ.ಜಿ. ಸುಲಿದು, ಎರಡು ನಿಮಿಷ ಕುದಿನೀರು, ಕೂಡಲೇ ಐಸ್ ನೀರು, ಆಮೇಲೆ ಬಟ್ಟೆ ಮೇಲೆ ಆರಿಸುವ ಯೋಚನೆ. ಸುಲಿಯಲು ಅತ್ತೆ ಒಪ್ಪಿದ್ದಾರೆ. ಫ್ರೀಜರಿನ ಎಡಮೂಲೆ ಖಾಲಿ ಮಾಡುತ್ತಿದ್ದೇನೆ.