ಹೊಕ್ಕಿಲ್ಲದ ಬಟ್ಟೆ: ಸ್ಪ್ರಾಂಗ್ ಕಲಿತ ನನ್ನ ಅನುಭವ

ಸ್ಪ್ರಾಂಗ್ ಅನ್ನೋ ಹಳೆಯ ಹೆಣಿಗೆಯಲ್ಲಿ ಹಾಸು (ಉದ್ದದ ಎಳೆ) ಮಾತ್ರ ಇರುತ್ತದೆ, ಹೊಕ್ಕು (ಅಡ್ಡ ಎಳೆ) ಇರುವುದಿಲ್ಲ. ಮಗ್ಗವೂ ಬೇಡ. ಎರಡು ಕೋಲುಗಳ ನಡುವೆ ನೂಲು ಬಿಗಿದು, ಎಳೆಗಳನ್ನು ಬೆರಳಲ್ಲೇ ಒಂದಕ್ಕೊಂದು ಹೊರಳಿಸುತ್ತಾ ಹೋಗುವುದು, ಅಷ್ಟೇ. ಎಳೆಗಳ ಎರಡೂ ತುದಿ ಸಿಕ್ಕಿಹಾಕಿಕೊಂಡಿರುವುದರಿಂದ ಮೇಲೆ ಒಂದು ಸಾಲು ಹೆಣೆದರೆ ಕೆಳಗೂ ಒಂದು ಸಾಲು ತಾನಾಗಿಯೇ ಮೂಡುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ.

ನಾನಿರುವುದು ಕೋಪನ್‌ಹೇಗನ್‌ನಲ್ಲಿ. ಇಲ್ಲೇ ಡೆನ್ಮಾರ್ಕಿನ ಆರ್ಹುಸ್ ನಗರದ ಹತ್ತಿರದ ಬೋರುಮ್ ಎಸ್‌ಹೊಯ್ ಎಂಬ ಹಳೆಯ ಸಮಾಧಿ ದಿಬ್ಬದಲ್ಲಿ 1871ರಲ್ಲಿ ಓಕ್ ಮರದ ಶವಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿದ್ದ ಹೆಂಗಸಿನ ಕೂದಲ ಬಲೆ ಇದೇ ಹೆಣಿಗೆಯದು, ಸುಮಾರು ಕ್ರಿ.ಪೂ. 1350ರದ್ದು. ಪಂಜಾಬಿನಲ್ಲಿ ಸಲ್ವಾರ್‌ಗೆ ಹಾಕುವ ರೇಷ್ಮೆ ಲಾಡಿಗಳನ್ನೂ ಹೀಗೇ ಹೆಣೆಯುತ್ತಿದ್ದರು ಅಂತ ಗೊತ್ತಾದ ಮೇಲಂತೂ ಸುಮ್ನೆ ಕೂರಲು ಆಗಲಿಲ್ಲ.

ಮರದ ಚೌಕಟ್ಟಿಗೆ ಎರಡು ಕೋಲುಗಳನ್ನು ಹಗ್ಗದಿಂದ ಕಟ್ಟಿಕೊಂಡೆ. ಮೊಳೆ ಹೊಡೆಯಬೇಡಿ. ಹೆಣೆದಂತೆಲ್ಲ ಬಟ್ಟೆ ಕುಗ್ಗುತ್ತದೆ, ಆಗಾಗ ಹಗ್ಗ ಸಡಿಲಿಸದಿದ್ದರೆ ಎಳೆಗಳ ಮಧ್ಯೆ ಬೆರಳೇ ಹೋಗುವುದಿಲ್ಲ. ನೂಲನ್ನು ಎಂಟರ ಆಕಾರದಲ್ಲಿ ಸುತ್ತಿದರೆ ಮುಂದೊಂದು ಪದರ, ಹಿಂದೊಂದು ಪದರ ಸಿಗುತ್ತದೆ. ಶುರುವಿಗೆ ದಪ್ಪ ಉಣ್ಣೆಯೇ ಒಳ್ಳೆಯದು, ಸ್ವಲ್ಪ ಹಿಗ್ಗುತ್ತದೆ, ಜಾರುವುದಿಲ್ಲ.

ಕೆಲಸ ಬಲಗಡೆಯಿಂದ. ಹಿಂದಿನ ಎಳೆಯನ್ನು ಮೇಲೆತ್ತಿ ಮುಂದಿನದನ್ನು ಕೆಳಗೆ ಬಿಡಬೇಕು. ಒಂದು ಸಾಲಿನಲ್ಲಿ ಬಲ ಅಂಚಿಗೆ ಎರಡು ಎತ್ತಿ ಒಂದು ಬಿಡಿ, ಆಮೇಲೆ ಒಂದಕ್ಕೊಂದು, ಎಡ ಅಂಚಿಗೆ ಬಂದಾಗ ಒಂದು ಎತ್ತಿ ಎರಡು ಬಿಡಿ. ಮುಂದಿನ ಸಾಲು ಪೂರ್ತಿ ಒಂದಕ್ಕೊಂದೇ. ಈ ಲೆಕ್ಕ ಎಡ ಅಂಚಿನಲ್ಲಿ ಕೂಡಿಬರದಿದ್ದರೆ ನಡುವೆ ಎಲ್ಲೋ ಒಂದು ಎಳೆ ತಪ್ಪಿದೆ ಅಂತ ಅರ್ಥ, ಆಗಲೇ ಹುಡುಕಿ ಸರಿಮಾಡಿಬಿಡಿ, ಯಾಕೆಂದರೆ ಬಿಟ್ಟುಹೋದ ಒಂದು ಹೊರಳು ಮೇಲೂ ಕೆಳಗೂ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ. ಸಾಲು ಮುಗಿದ ಮೇಲೆ ತೆಳುವಾದ ಕಡ್ಡಿ ತೂರಿಸಿ ಮೇಲಕ್ಕೆ ಒತ್ತಬೇಕು, ಇನ್ನೊಂದು ಕಡ್ಡಿಯಿಂದ ಕೆಳಗಿನ ಸಾಲನ್ನು ಅಷ್ಟೇ ಜೋರಾಗಿ ಕೆಳಗೆ ಒತ್ತಬೇಕು. ಎಷ್ಟೋ ಜನ ಮೇಲಿನ ಅರ್ಧವನ್ನೇ ನೋಡುತ್ತಾ ಹೆಣೆಯುತ್ತಾರೆ. ನನ್ನ ಪ್ರಕಾರ ಕಣ್ಣು ಕೆಳಗೇ ಜಾಸ್ತಿ ಇರಬೇಕು, ಸಡಿಲ ಎಲ್ಲಿದೆ ಅಂತ ಮೊದಲು ಕಾಣುವುದು ಅಲ್ಲೇ.

ಎರಡು ಅರ್ಧಗಳೂ ನಡುವೆ ಬಂದು ಸೇರಿದಾಗ ಬೆರಳಿಗೆ ಜಾಗವೇ ಇರುವುದಿಲ್ಲ. ಕೊನೆಯ ಸಾಲುಗಳನ್ನು ಕ್ರೋಶ ಕಡ್ಡಿಯಿಂದ ಎತ್ತಿ, ಒಂದು ಕುಣಿಕೆಯೊಳಗೆ ಇನ್ನೊಂದನ್ನು ಎಳೆದು ಸರಪಳಿ ಮಾಡಿ ಬಂದೋಬಸ್ತು ಮಾಡಬೇಕು. ಇಡೀ ಬಟ್ಟೆ ನಿಂತಿರುವುದೇ ಆ ಒಂದು ಸರಪಳಿಯ ಮೇಲೆ, ಅದಿಲ್ಲದೆ ಕೋಲು ತೆಗೆದರೆ ಎಲ್ಲ ಬಿಚ್ಚಿಹೋಗುತ್ತದೆ. ಆಮೇಲೆ ನಡುವೆ ಮಡಚಿ ಎರಡು ಪಕ್ಕ ಹೊಲಿದರೆ ಚೀಲ ರೆಡಿ, ಅಡ್ಡಕ್ಕೆ ಎಳೆದರೆ ಎಷ್ಟು ಚೆನ್ನಾಗಿ ಹಿಗ್ಗುತ್ತದೆ ಗೊತ್ತಾ!

ಈಗ ರೇಷ್ಮೆ ಲಾಡಿಗೆ ಕೈ ಹಾಕಿದ್ದೇನೆ. ರೇಷ್ಮೆ ಜಾರುತ್ತದೆ, ಅದಕ್ಕೇ ಹೆಣೆದ ಸಾಲುಗಳಲ್ಲಿ ಒಂದಷ್ಟು ಕಡ್ಡಿಗಳನ್ನು ತೆಗೆಯದೆ ಹಾಗೇ ಬಿಟ್ಟಿದ್ದೇನೆ.